ನುಸಿಯ ಕಾಟವೂ ಗಿಡಮೂಲಿಕೆಯ ಕಾವಲೂ
(ರಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಮಳೆಗಾಲವು ಕಾಲಿರಿಸಿತೆಂದರೆ ಕಾಸರಗೋಡು ಸೀಮೆಯ ಅಡಕೆ ತೋಟಗಳ ನಡುವಣ ಮನೆಗಳಲ್ಲಿ ಸೊಳ್ಳೆಯ, ಎಂದರೆ ನಮ್ಮ ನುಸಿಯ, ಕಾಟ ಮೊದಲಾಗುವುದಷ್ಟೆ. ಮುಸ್ಸಂಜೆಯಲ್ಲಿ ಒಣಗಿದ ಲಕ್ಕಿ ಸೊಪ್ಪನ್ನೋ ಬೇವಿನೆಲೆಯನ್ನೋ ಕೆಂಡದ ಮೇಲಿರಿಸಿ ಹೊಗೆ ಹಾಕುವುದು ಹಿರಿಯರಿಂದ ಬಂದ ರೂಢಿ. ಇದು ಬರಿಯ ಮೂಢನಂಬಿಕೆಯೆಂದು ಕೆಲವರು ಹಳಿಯುವರು; ಇದೊಂದೇ ಸಾಕೆಂದು ಕೆಲವರು ನೆಚ್ಚುವರು. ಎರಡೂ ಸರಿಯಲ್ಲ.

ನುಸಿಯು ನಮ್ಮನ್ನು ಅರಸಿ ಬರುವುದು ಉಸಿರಿನ ಇಂಗಾಲಾಮ್ಲ ವಾಯುವಿನ ಮತ್ತು ಬೆವರಿನ ವಾಸನೆಯ ಜಾಡು ಹಿಡಿದು. ಲಕ್ಕಿ, ತುಳಸಿ, ಮಜ್ಜಿಗೆಹುಲ್ಲು ಮೊದಲಾದವುಗಳ ತೈಲಗಂಧವು ಅದಕ್ಕೆ ಸಹ್ಯವಲ್ಲ. ಆದುದರಿಂದ ಹಿರಿಯರ ರೂಢಿಗೆ ಆಧಾರವುಂಟು. ಆದರೆ ಗಂಧವು ಹೊರಡುವುದು ತೈಲವು ಆವಿಯಾಗುವುದರಿಂದಲೇ. ಯಾವುದು ಅದರ ಗುಣವೋ ಅದೇ ಅದರ ಕೊರತೆಯೂ ಹೌದು. ಮೈಗೆ ಹಚ್ಚಿದ ಮಜ್ಜಿಗೆಹುಲ್ಲಿನ ಎಣ್ಣೆಯ ಪ್ರಭಾವವು ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಇಳಿದುಹೋಗುವುದು. ಅಲ್ಲದೆ ಗಂಧವು ನುಸಿಯನ್ನು ಅಟ್ಟುವುದೇ ಹೊರತು ಅದರ ಸಂತತಿಯನ್ನು ಕುಗ್ಗಿಸದು.

ಇನ್ನೊಂದು ಸಂಗತಿಯನ್ನು ತಾವು ಗಮನಿಸಬೇಕು. ಮಲೇರಿಯಾ ಹರಡುವ ಅನಾಫಿಲಿಸ್ ನುಸಿಯು ಇರುಳಿನಲ್ಲಿ ಕಚ್ಚುತ್ತದೆ. ಡೆಂಗ್ಯೂ ಜ್ವರವನ್ನೂ, 2006ರಲ್ಲಿ ಕೇರಳವನ್ನು ಕಾಡಿದ ಚಿಕೂನ್‌ಗುನ್ಯಾವನ್ನೂ ಹರಡುವ ಈಡಿಸ್ ನುಸಿಯಾದರೋ ಹಗಲಿನಲ್ಲಿ ಕಚ್ಚತಕ್ಕದ್ದು; ಬೆಳಗ್ಗೆಯೂ ಸಂಜೆಗೆ ಮುನ್ನವೂ ಅದರ ಹಾವಳಿ ಹೆಚ್ಚು. ನಮ್ಮ ಮಕ್ಕಳು ತೋಟದ ಹಾದಿಯಲ್ಲಿ ಶಾಲೆಗೆ ಬಂದು ಹೋಗುವ ಹೊತ್ತು ಅದೇ. ಮುಸ್ಸಂಜೆಯ ಹೊಗೆಯು ಆಗ ಅವರನ್ನು ಕಾಯಲಾರದು.

ಈ ನುಸಿಗೆ ಕೆರೆಬಾವಿಗಳು ಬೇಡ. ಉದುರಿದ ಅಡಕೆ ಹಾಳೆಯಲ್ಲಿ, ಎಸೆದ ಗೆರಟೆಯಲ್ಲಿ, ರಬ್ಬರಿನ ಹಾಲು ಹಿಡಿಯುವ ಚಿಪ್ಪಿನಲ್ಲಿ ನಿಂತ ಬೊಗಸೆ ನೀರೇ ಅದಕ್ಕೆ ತೊಟ್ಟಿಲು. ಮೊಟ್ಟೆಯೊಡೆದು ಬಂದ ಮರಿಗೆ ರೆಕ್ಕೆ ಮೂಡಲು ಸುಮಾರು 7ರಿಂದ 10 ದಿನಗಳು ಸಾಕು. ಆದಕಾರಣ ವಾರಕ್ಕೊಮ್ಮೆ ತಪ್ಪದೆ ಹಾಳೆಗಳನ್ನು ಹೆಕ್ಕಿ, ಗೆರಟೆ ಚಿಪ್ಪುಗಳನ್ನು ಕವುಚಿಟ್ಟರೆ ನುಸಿಯ ವಂಶವೇ ಮುರಿಯುವುದು.

ಮಕ್ಕಳಿಗೆ ತೋಳು ಕಾಲು ಮುಚ್ಚುವ ಉಡುಪು ತೊಡಿಸಿರಿ. ಗಿಡದ ತೈಲವನ್ನು ಹಾಗೆಯೇ ಹಚ್ಚಿದರೆ ಚರ್ಮ ಉರಿಯುವುದು. ತೆಂಗಿನೆಣ್ಣೆಯಲ್ಲಿ ಕೆಲವೇ ಹನಿ ಬೆರೆಸಿ, ಕಣ್ಣು ಬಾಯಿಗೆ ತಾಗದಂತೆ ಹಚ್ಚಿರಿ. ಎಳೆಗೂಸುಗಳಿಗೆ ಇದು ಬೇಡ. ಅವರಿರುವ ಕೋಣೆಯಲ್ಲಿ ಹೊಗೆಯೂ ಸಲ್ಲದು, ಸೊಳ್ಳೆಪರದೆಯೇ ಲೇಸು.

ಲಕ್ಕಿಯ ಗಿಡ ಬೇಲಿಯಲ್ಲಿರಲಿ. ಹಾಳೆಯ ನೀರು ಮಾತ್ರ ತೋಟದಲ್ಲಿ ಉಳಿಯದಿರಲಿ. ಇಷ್ಟನ್ನು ಬಿನ್ನವಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.