ಮನೆಯ ಗಣಕಯಂತ್ರವೂ ಕರೆಯದೆ ಬರುವ ಜಾಹೀರಾತುಗಳೂ
(ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಆರಿಸಿಕೊಂಡ ವಿಷಯವು ಘನವಾದ ಶಾಸ್ತ್ರವಿಚಾರವಲ್ಲ. ದಿನನಿತ್ಯದ ಸಂಸಾರಕ್ಕೆ ಸಂಬಂಧಿಸಿದ್ದು. ಇಚಲಕರಂಜಿಯ ಮಗ್ಗದವರ ಮನೆಯಲ್ಲಿ ನೂಲಿನ ಲೆಕ್ಕವೂ, ಗಡಹಿಂಗ್ಲಜದ ಕಬ್ಬು ಬೆಳೆಗಾರರ ಮನೆಯಲ್ಲಿ ಬ್ಯಾಂಕಿನ ವ್ಯವಹಾರವೂ, ಕೊಲ್ಲಾಪುರದ ಅಂಗಡಿಕಾರರ ಮನೆಯಲ್ಲಿ ತೆರಿಗೆಯ ಪತ್ರಗಳೂ ಗಣಕಯಂತ್ರವನ್ನು ಸೇರಿವೆ. ಮಕ್ಕಳ ಪಾಠವೂ ಅನೇಕ ಮನೆಗಳಲ್ಲಿ ಅದೇ ಯಂತ್ರದಲ್ಲಿ ನಡೆಯುತ್ತದೆ. ಆದ ಕಾರಣ ಆ ಯಂತ್ರಕ್ಕೆ ಕೇಡು ತಗುಲಿದರೆ ಅದು ಮನೆಗೇ ತಗುಲಿದಂತೆ.

ಒಂದು ದಿನ ಯಂತ್ರವನ್ನು ತೆರೆದೊಡನೆ ಕರೆಯದ ಜಾಹೀರಾತುಗಳು ಒಂದರ ಮೇಲೊಂದು ಮೂಡುತ್ತವೆ. ಬ್ರೌಸರಿನ ಮೊದಲ ಪುಟವು ತಾನಾಗಿಯೇ ಬದಲಾಗಿರುತ್ತದೆ. ಹುಡುಕಿದ್ದು ಒಂದಾದರೆ ತೆರೆಯುವುದು ಮತ್ತೊಂದು. ಈ ಉಪದ್ರವಕ್ಕೆ ಕಾರಣವಾದ ತಂತ್ರಾಂಶಕ್ಕೆ ಆಡ್‌ವೇರ್ ಎಂದು ಹೆಸರು. ಜಾಹೀರಾತನ್ನು ತೋರಿಸಿದ್ದಕ್ಕೂ, ನಮ್ಮಿಂದ ಅದನ್ನು ಒತ್ತಿಸಿದ್ದಕ್ಕೂ ಅದರ ಒಡೆಯನಿಗೆ ಹಣ ದೊರೆಯುತ್ತದೆ. ನಾವು ಏನನ್ನು ಹುಡುಕುತ್ತೇವೆ, ಏನನ್ನು ನೋಡುತ್ತೇವೆ ಎಂಬುದನ್ನೂ ಹಲವು ಆಡ್‌ವೇರುಗಳು ಗುಟ್ಟಾಗಿ ಅವನಿಗೆ ತಲುಪಿಸುತ್ತವೆ.

ಇದು ದೂರದ ಮಾತೆಂದು ತಿಳಿಯಲಾಗದು. 2017ನೆಯ ಇಸವಿಯಲ್ಲಿ 'ಫೈರ್‌ಬಾಲ್' ಎಂಬ ಆಡ್‌ವೇರ್ ಬೆಳಕಿಗೆ ಬಂದಿತು. ಜಗತ್ತಿನ ಸುಮಾರು 25 ಕೋಟಿ ಯಂತ್ರಗಳಲ್ಲಿ, ಅವುಗಳ ಪೈಕಿ ಭಾರತದ ಸುಮಾರು 2.5 ಕೋಟಿ ಯಂತ್ರಗಳಲ್ಲಿ ಅದು ಸೇರಿಕೊಂಡಿದೆಯೆಂದು ಚೆಕ್ ಪಾಯಿಂಟ್ ಸಂಸ್ಥೆಯು ಅಂದಾಜು ಮಾಡಿತು. ಈ ಅಂದಾಜು ಅತಿಯಾಯಿತೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಹೇಳಿತಾದರೂ, ಅದು ಹರಡಿದ ರೀತಿಯ ಬಗ್ಗೆ ಸಂದೇಹವಿರಲಿಲ್ಲ. ಜನರು ಬೇಕೆಂದು ಇಳಿಸಿಕೊಂಡ ಉಚಿತ ತಂತ್ರಾಂಶದ ಬೆನ್ನೇರಿಯೇ ಅದು ಮನೆಗಳನ್ನು ಹೊಕ್ಕಿತ್ತು.

ಇಲ್ಲಿಯೇ ಮುಖ್ಯ ಸಂಗತಿಯಿದೆ. ಆಡ್‌ವೇರ್ ಬಹುಮಟ್ಟಿಗೆ ಗೋಡೆ ಒಡೆದು ಬರುವುದಿಲ್ಲ. ನಾವು ಅವಸರದಲ್ಲಿ ತೆರೆದ ಬಾಗಿಲಿನಿಂದ ಬರುತ್ತದೆ. ತಂತ್ರಾಂಶವನ್ನು ಅಳವಡಿಸುವಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನನ್ನೋ ಕೇಳುತ್ತದೆ. ಕನ್ನಡದಲ್ಲಿ ಕಲಿಯುವ ಬಾಲಕನು ಅದನ್ನು ಓದದೆ 'ನೆಕ್ಸ್ಟ್' ಒತ್ತುತ್ತಾನೆ. ಇಂಗ್ಲಿಷ್ ಬಲ್ಲ ಹಿರಿಯರೂ ಹಾಗೆಯೇ ಮಾಡುತ್ತಾರೆ. ಕನ್ನಡದಲ್ಲಿ ಬೆರಳಚ್ಚು ಮಾಡಲು ನುಡಿ, ಬರಹ ಮೊದಲಾದ ತಂತ್ರಾಂಶಗಳನ್ನು ಅಂತರ್ಜಾಲದಲ್ಲಿ ಹುಡುಕುವವರು, ಯಾರದೋ ಪುಟದಲ್ಲಿ 'ಡೌನ್‌ಲೋಡ್' ಎಂಬ ದೊಡ್ಡ ಗುಂಡಿಯನ್ನು ಕಂಡು ಅದನ್ನೇ ಒತ್ತಬಹುದು. ಎಷ್ಟೋ ಸಲ ಆ ಗುಂಡಿಯೇ ಜಾಹೀರಾತಾಗಿರುತ್ತದೆ. ತಂತ್ರಾಂಶವನ್ನು ಅದರ ತಯಾರಕರ ತಾಣದಿಂದಲೇ ಪಡೆಯತಕ್ಕದ್ದು. ವಿಂಡೋಸ್ 10 ಹಾಗೂ 11ರಲ್ಲಿ ಕನ್ನಡ ಕೀಲಿಮಣೆಯು ಮೊದಲೇ ಇರುವುದರಿಂದ ಸಾಮಾನ್ಯ ಬರವಣಿಗೆಗೆ ಬೇರೇನನ್ನೂ ಇಳಿಸಿಕೊಳ್ಳಬೇಕಾಗಿಲ್ಲ.

ಇನ್ನು ಅದನ್ನು ತೆಗೆಯುವ ಕ್ರಮ. ಎಳೆ ಕಡಿದಾಗ ನೇಕಾರನು ಮಗ್ಗವನ್ನು ಮುರಿಯುವುದಿಲ್ಲ. ನಿಲ್ಲಿಸುತ್ತಾನೆ, ಎಳೆಯನ್ನು ಹುಡುಕುತ್ತಾನೆ, ಗಂಟು ಹಾಕುತ್ತಾನೆ. ಇಲ್ಲಿಯೂ ಅದೇ ತಾಳ್ಮೆ ಬೇಕು.

ಮೊದಲನೆಯದಾಗಿ, ನಿಲ್ಲಿಸಬೇಕು. 'ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಎಂದು ಪರದೆಯು ಅರಚಿದರೆ ಫೋನ್ ಮಾಡಕೂಡದು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ಆ ಕಿಟಕಿಯನ್ನು ಮುಚ್ಚಬೇಕು. ಯಂತ್ರವು ಶುದ್ಧವಾಗುವ ತನಕ ಅದರಲ್ಲಿ ಬ್ಯಾಂಕಿನ ವ್ಯವಹಾರ ಬೇಡ.

ಎರಡನೆಯದಾಗಿ, ಮನೆಯ ಲೆಕ್ಕ, ಭಾವಚಿತ್ರ, ಪಾಠದ ಕಡತ ಇವುಗಳ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ತೆಗೆದಿಡಬೇಕು. ತಂತ್ರಾಂಶಗಳನ್ನು ಅದರಲ್ಲಿ ಸೇರಿಸಬಾರದು.

ಮೂರನೆಯದಾಗಿ, ಸೆಟ್ಟಿಂಗ್ಸ್‌ನ 'ಆ್ಯಪ್ಸ್' ಪಟ್ಟಿಯನ್ನು ತೆರೆದು ದಿನಾಂಕದ ಕ್ರಮದಲ್ಲಿ ಇಡಬೇಕು. ತೊಂದರೆ ಆರಂಭವಾದ ದಿನ ಯಾವುದು ಬಂದು ಸೇರಿತೆಂಬುದು ಅಲ್ಲಿ ಕಾಣುತ್ತದೆ. ಅದನ್ನು 'ಅನ್‌ಇನ್‌ಸ್ಟಾಲ್' ಮಾಡಬೇಕು. ಆದರೆ ಹೆಸರು ಅಪರಿಚಿತವೆಂಬ ಮಾತ್ರಕ್ಕೆ ಕಂಡಕಂಡದ್ದನ್ನೆಲ್ಲ ಕಿತ್ತುಹಾಕಬಾರದು. ಪ್ರಿಂಟರಿಗೂ ಧ್ವನಿಗೂ ಬೇಕಾದ ತಂತ್ರಾಂಶಗಳು ಅದೇ ಪಟ್ಟಿಯಲ್ಲಿರುತ್ತವೆ. ತಿಳಿಯದಿದ್ದರೆ ಬಲ್ಲವರನ್ನು ಕೇಳುವುದೇ ಲೇಸು.

ನಾಲ್ಕನೆಯದಾಗಿ, ಬ್ರೌಸರನ್ನು ಪರೀಕ್ಷಿಸಬೇಕು. ಬೇಡದ 'ಎಕ್ಸ್‌ಟೆನ್ಷನ್'ಗಳನ್ನು ತೆಗೆಯಬೇಕು. ಯಾವ ತಾಣಗಳಿಗೆ 'ನೋಟಿಫಿಕೇಶನ್' ಕಳಿಸಲು ಅನುಮತಿಯಿದೆಯೆಂದು ನೋಡಿ ಅಪರಿಚಿತವಾದವುಗಳನ್ನು ತಡೆಯಬೇಕು. ಅನೇಕ ವೇಳೆ ಮೂಲೆಯಲ್ಲಿ ಮೂಡುವ ಜಾಹೀರಾತುಗಳು ಇಷ್ಟಕ್ಕೇ ನಿಂತುಹೋಗುತ್ತವೆ. ನಿಲ್ಲದಿದ್ದರೆ ಬ್ರೌಸರಿನ 'ರೀಸೆಟ್' ಉಪಾಯವಿದೆ. ಕ್ರೋಮ್ ಬ್ರೌಸರಿನಲ್ಲಿ ಹೀಗೆ ಮಾಡಿದರೆ ಬುಕ್‌ಮಾರ್ಕುಗಳೂ ಉಳಿಸಿಟ್ಟ ಪಾಸ್‌ವರ್ಡುಗಳೂ ಅಳಿಯುವುದಿಲ್ಲ.

ಐದನೆಯದಾಗಿ, ವಿಂಡೋಸಿನಲ್ಲಿಯೇ ಇರುವ ಡಿಫೆಂಡರ್‌ನಿಂದ ಪೂರ್ಣ ತಪಾಸಣೆ ನಡೆಸಬೇಕು. ಇದಕ್ಕೆ ಹಣ ಬೇಕಿಲ್ಲ. ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ 'ಆಡ್‌ಡಬ್ಲ್ಯೂಕ್ಲೀನರ್' ಎಂಬ ಉಚಿತ ಸಾಧನವೂ ಉಂಟು. ಭಾರತ ಸರಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಇಂಥ ಉಚಿತ ಸಾಧನಗಳು ದೊರೆಯುತ್ತವೆ. ಜಾಹೀರಾತಿನಲ್ಲಿ ಕಂಡ 'ಶುದ್ಧೀಕರಣ' ತಂತ್ರಾಂಶವನ್ನು ಮಾತ್ರ ಮುಟ್ಟಕೂಡದು. ಕಳ್ಳನನ್ನು ಹಿಡಿಯಲು ಕಳ್ಳನ ಅಣ್ಣನನ್ನು ಕರೆದಂತಾದೀತು. ಎಲ್ಲ ಮುಗಿದ ಬಳಿಕ ಮುಖ್ಯವಾದ ಪಾಸ್‌ವರ್ಡುಗಳನ್ನು ಬದಲಿಸಿದರೆ ಕೆಲಸ ಪೂರ್ಣವಾಯಿತು. ಮೋಸದಿಂದ ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಪಾಲಕ ಬಂಧುಗಳೇ, ಈಗ ತಮ್ಮಲ್ಲಿ ಒಂದು ವಿಜ್ಞಾಪನೆ. ಯಂತ್ರ ಕೆಟ್ಟಾಗ ಅದನ್ನು ಮೊದಲು ಕಾಣುವವರು ಬಹುಶಃ ಮಕ್ಕಳೇ. 'ನೀನೇ ಕೆಡಿಸಿದೆ' ಎಂಬ ಬೈಗುಳಿಗೆ ಅಂಜಿದ ಮಗುವು ಸುಮ್ಮನಿರುತ್ತದೆ, ಇಲ್ಲವೆ ಪರದೆಯು ಹೇಳಿದ ನಂಬರಿಗೆ ತಾನೇ ಫೋನ್ ಮಾಡುತ್ತದೆ. ಜಾಹೀರಾತಿನಿಂದ ಆಗುವ ಹಾನಿ ಅಲ್ಪ. ಆ ಮೌನದಿಂದ ಆಗುವ ಹಾನಿ ದೊಡ್ಡದು. ಯಂತ್ರವನ್ನು ಶುದ್ಧಗೊಳಿಸಲು ಒಂದು ಸಂಜೆ ಸಾಕಾದೀತು. ಕಳೆದ ಹಣವೂ ಮಗುವಿನ ಧೈರ್ಯವೂ ಅಷ್ಟು ಸುಲಭವಾಗಿ ಮರಳವು. ಬಂದು ಹೇಳಿದ ಮಗುವನ್ನು ಮೆಚ್ಚಿಕೊಂಡು, ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸವನ್ನು ಮಾಡಿರಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವಿದೆ. 'ಅಲೌ' ಎಂದರೆ ಅನುಮತಿಸು, 'ಬ್ಲಾಕ್' ಎಂದರೆ ತಡೆ, 'ಡಿಕ್ಲೈನ್' ಎಂದರೆ ನಿರಾಕರಿಸು, 'ಸ್ಕಿಪ್' ಎಂದರೆ ಬಿಟ್ಟು ಮುಂದೆ ಹೋಗು, 'ಅನ್‌ಇನ್‌ಸ್ಟಾಲ್' ಎಂದರೆ ತೆಗೆದುಹಾಕು. ಈ ಐದು ಶಬ್ದಗಳನ್ನು ಕನ್ನಡದ ಅರ್ಥದೊಡನೆ ಒಂದು ಕಾಗದದ ಮೇಲೆ ಬರೆದು ಯಂತ್ರದ ಬಳಿ ಅಂಟಿಸಿರಿ. ಅರ್ಥ ತಿಳಿಯದ ಗುಂಡಿಯನ್ನು ಒತ್ತುವುದಿಲ್ಲವೆಂಬ ನಿಯಮವನ್ನು ಮನೆಯ ಹಿರಿಯರಿಗೂ ಕಲಿಸಿರಿ. ತಾಳಿದವನು ಬಾಳಿಯಾನು ಎಂಬ ಗಾದೆಯು ಈ ಯಂತ್ರದ ಮುಂದೆಯೂ ಸಲ್ಲುತ್ತದೆ.