ಕೆರೆಗೆ ನೀರು ಬರುವ ಹಾದಿ

ಜಲಾನಯನ ಎಂಬ ಮಾತು ಈಗ ಹಳ್ಳಿಹಳ್ಳಿಯ ಫಲಕಗಳ ಮೇಲೂ ಕಾಣಸಿಗುತ್ತದೆ. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ಇದನ್ನು ಬಿಡಿಸಿ ಹೇಳಿರೆಂದು ಕೇಳಿದೆ. "ಜಲದ ನಯನ ಸಾರ್, ನೀರಿನ ಕಣ್ಣು" ಎಂದನೊಬ್ಬ ಹುಡುಗ. ಕಲ್ಪನೆ ಸೊಗಸಾಗಿತ್ತು; ಸಂಧಿ ಮಾತ್ರ ಸರಿಹೋಗಲಿಲ್ಲ. ಜಲ, ಆನಯನ ಎಂಬೆರಡು ಪದಗಳು ಕೂಡಿ ಇಲ್ಲಿ ಸವರ್ಣದೀರ್ಘ ಸಂಧಿಯಾಗಿದೆ. ಆನಯನವೆಂದರೆ ತರುವುದು, ನಡೆಸಿಕೊಂಡು ಬರುವುದು. ನಾಯಕ ಎಂಬ ಮಾತೂ ಅದೇ ಧಾತುವಿನಿಂದ ಹುಟ್ಟಿದ್ದು. ಆಕಾಶದಿಂದ ಬಿದ್ದ ನೀರನ್ನು ಗುಡ್ಡದ ನೆತ್ತಿಯಿಂದ ಕೆರೆಯ ತನಕ ನಡೆಸಿಕೊಂಡು ಬರುವ ನೆಲವೆಲ್ಲ ಜಲಾನಯನ. ಶಾಲೆಯ ಮಕ್ಕಳ ಒಂದು ಸೇವಾತಂಡವನ್ನು ಕಟ್ಟಿಕೊಂಡು ಆ ಹಾದಿಯಲ್ಲಿ ಎರಡು ವರ್ಷ ಓಡಾಡಿದ್ದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳುತ್ತೇನೆ.

ನಮ್ಮದು ತುಮಕೂರು ಜಿಲ್ಲೆಯ ಮಧುಗಿರಿ ಸೀಮೆ. ಮಳೆಯನ್ನೇ ನಂಬಿದ ಕೆರೆ. ಮೇಲೆ ಕಲ್ಲುಗುಡ್ಡ, ಕೆಳಗೆ ಅಚ್ಚುಕಟ್ಟು. 2022ರ ಮಳೆಗಾಲದಲ್ಲಿ ಬಯಲುಸೀಮೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು, ಜಯಮಂಗಲಿ ದಡ ಮೀರಿ ಹರಿಯಿತು. ನಮ್ಮೂರ ಕೆರೆ ಮಾತ್ರ ಅರ್ಧಕ್ಕೇ ನಿಂತಿತು. ಬಂದ ನೀರೂ ಕೆಮ್ಮಣ್ಣಿನ ಗಂಜಿಯಂತಿತ್ತು. ಊರವರು ಹೂಳೆತ್ತಬೇಕೆಂದರು. ಶಾಲೆಯ ಮಕ್ಕಳೂ ಮಂಕರಿ ಹಿಡಿದರೆ ಒಳ್ಳೆಯ ಸೇವೆಯಾದೀತೆಂದು ಕೆಲವರು ಸೂಚಿಸಿದರು.

ಅದನ್ನು ಮಕ್ಕಳಿಗೆ ಲೆಕ್ಕವಾಗಿ ಕೊಟ್ಟೆ. ನಲವತ್ತು ಎಕರೆ ಕೆರೆಯಂಗಳದಲ್ಲಿ ಒಂದೇ ಅಡಿ ಹೂಳು ತೆಗೆದರೂ ಸುಮಾರು 49,000 ಘನಮೀಟರು ಮಣ್ಣು. ಟ್ರ್ಯಾಕ್ಟರಿನ ಒಂದು ಲೋಡಿಗೆ ಮೂರು ಘನಮೀಟರೆಂದು ಹಿಡಿದರೂ ಹದಿನಾರು ಸಾವಿರ ಲೋಡು! ಎಂಟು ಒಂಬತ್ತನೆಯ ತರಗತಿಯ ಇಪ್ಪತ್ತೆರಡು ಮಕ್ಕಳು ಶನಿವಾರಕ್ಕೆ ಎರಡು ಗಂಟೆ ದುಡಿದು ಮುಗಿಸುವ ಕೆಲಸವೇ ಅದು? ಮಕ್ಕಳ ಸೇವೆಯೆಂದರೆ ಕೂಲಿ ಇಲ್ಲದ ಆಳಿನ ಕೆಲಸವೆಂದು ತಿಳಿಯುವವರು ಇದ್ದಾರೆ. ಆ ತಿಳಿವಳಿಕೆ ನನಗೆ ಒಪ್ಪಿಗೆಯಿಲ್ಲ. ಹೂಳು ಎಲ್ಲಿಂದ ಬಂತು, ನೀರು ಏಕೆ ಬರಲಿಲ್ಲ ಎಂದು ನೋಡಿಬರುವುದು ಮಕ್ಕಳ ಕೈಲಾಗುವ ಕೆಲಸ. ದೊಡ್ಡವರು ಮಾಡದೆ ಬಿಟ್ಟಿದ್ದ ಕೆಲಸವೂ ಹೌದು.

ಮೊದಲು ಅವರನ್ನು ದೇವರಾಯನದುರ್ಗಕ್ಕೆ ಕರೆದೊಯ್ದೆ. ಶಿಂಷಾ, ಜಯಮಂಗಲಿ ಎರಡಕ್ಕೂ ತವರು ಆ ಬೆಟ್ಟವೇ. ಶಿಂಷೆ ತೆಂಕಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಜಯಮಂಗಲಿ ಬಡಗಣಕ್ಕೆ ಇಳಿದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಒಂದು ಬಂಡೆಯ ನೆತ್ತಿಗೆ ತಂಬಿಗೆಯಿಂದ ನೀರು ಸುರಿದು ಅದು ಇಬ್ಬಗೆಯಾಗಿ ಇಳಿಯುವುದನ್ನು ತೋರಿಸಿದೆ. ಭೂಗೋಳದ ಪುಸ್ತಕದ ಅರ್ಧ ಅಧ್ಯಾಯ ಅಷ್ಟರಲ್ಲೇ ಮುಗಿಯಿತು. ಪರಿಸರ ಶಿಕ್ಷಣವನ್ನು ಎಲ್ಲ ಹಂತಗಳಲ್ಲೂ ಕಡ್ಡಾಯ ಮಾಡಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಪಾಠಗಳೇನೋ ಬಂದಿವೆ, ಪಾಠಕ್ಕೆ ಕಾಲು ಮೂಡಿಸುವುದು ಮೇಷ್ಟರ ಹೊಣೆ.

ಮರುವಾರದಿಂದ ನಮ್ಮ ಕಾಲುವೆಯ ಗುಂಟ ಮೇಲಕ್ಕೆ ನಡೆದೆವು. ಊರಿನ ಹಳೆಯ ನೀರಗಂಟಿಯನ್ನು ಮುಂದಿಟ್ಟುಕೊಂಡೆವು. ಎಪ್ಪತ್ತು ದಾಟಿದ ಆ ತಾತನಿಗೆ ಓದು ಬರದು. ಕಾಲುವೆಯ ಒಂದೊಂದು ತಿರುವೂ ಬಾಯಿಪಾಠ. ಕೆರೆಯ ಬಾಯಲ್ಲಿ ಬಳ್ಳಾರಿ ಜಾಲಿ ಹಬ್ಬಿತ್ತು. ರಸ್ತೆಯ ಮೋರಿಯಲ್ಲಿ ಪ್ಲಾಸ್ಟಿಕ್ಕೂ ಹಳೆಯ ಬಟ್ಟೆಯೂ ಗಿಡಿದು ಕೂತಿದ್ದವು. ಅದರಾಚೆ ನೂರು ಮಾರು ದೂರ ಕಾಲುವೆಯೇ ಇರಲಿಲ್ಲ, ಕಡಲೆಕಾಯಿ ಹೊಲವಿತ್ತು. ಗುಡ್ಡದ ತಪ್ಪಲಲ್ಲಿ ಹುಲ್ಲು ಸವೆದು, ಮಳೆನೀರು ಆಳುದ್ದದ ಕೊರಕಲುಗಳನ್ನು ಕೊರೆದಿತ್ತು. ಕೆರೆಯ ಹೂಳಿನ ಹುಟ್ಟೂರು ಅದೇ. ನಾವು ಅದನ್ನು ಕೆರೆಯಲ್ಲಿ ಎಷ್ಟು ಸಲ ಎತ್ತಿದರೂ ಅದು ಅಲ್ಲಿಂದ ಮತ್ತೆ ಹೊರಡುತ್ತಿತ್ತು.

ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ತುಸು ಮಿಗಿಲು. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಇಪ್ಪತ್ತು ಟ್ಯಾಂಕರು. ಬೇಸಗೆಯಲ್ಲಿ ಒಂದು ಟ್ಯಾಂಕರಿಗೆ ಏನು ಬೆಲೆಯೆಂಬುದು ನಮ್ಮ ಮಕ್ಕಳಿಗೆ ಗೊತ್ತು. ಆದ್ದರಿಂದ ಈ ಲೆಕ್ಕವನ್ನು ಯಾರೂ ತಪ್ಪಾಗಿ ಮಾಡಲಿಲ್ಲ.

ಇಳಿಜಾರಿನಲ್ಲಿ ಮಾಡುವ ಕೆಲಸಕ್ಕೆ ದೊಡ್ಡ ಸಲಕರಣೆ ಬೇಡ. ಮೂರು ಗಳುಗಳನ್ನು ಇಂಗ್ಲಿಷಿನ 'ಎ' ಅಕ್ಷರದಂತೆ ಕಟ್ಟಿ, ನೆತ್ತಿಯಿಂದ ದಾರದಲ್ಲಿ ಒಂದು ಕಲ್ಲು ಇಳಿಬಿಡಬೇಕು. ದಾರ ಅಡ್ಡಗಳುವಿನ ನಡುಗುರುತಿಗೆ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಒಂದು ಕಾಲು ಊರಿಕೊಂಡು ಇನ್ನೊಂದನ್ನು ತಿರುಗಿಸುತ್ತ ಹೋದರೆ ಗುಡ್ಡದ ಮೈಮೇಲೆ ಸಮಮಟ್ಟದ ಗೆರೆ ಮೂಡುತ್ತದೆ. ಆ ಗೆರೆಯುದ್ದಕ್ಕೂ ತೋಡಿದ ಸಣ್ಣ ಕಂದಕದಲ್ಲಿ ನೀರು ಓಡದೆ ನಿಂತು ಇಂಗುತ್ತದೆ. ಕೊರಕಲಿಗೆ ಅಡ್ಡವಾಗಿ ಕಲ್ಲುತಡೆ ಕಟ್ಟುವಾಗಲೂ ಕಟ್ಟುಪಾಡುಂಟು. ಮೇಲಿನಿಂದ ಕೆಳಕ್ಕೆ ಕಟ್ಟುತ್ತ ಬರಬೇಕು. ತಡೆಯ ನಡುಭಾಗ ಅಂಚುಗಳಿಗಿಂತ ತಗ್ಗಾಗಿರಬೇಕು. ಇಲ್ಲದಿದ್ದರೆ ನೀರು ಪಕ್ಕದ ಮಣ್ಣನ್ನು ಕೊರೆದುಕೊಂಡು ಹೋಗುತ್ತದೆ. ಭಾರದ ಕಲ್ಲುಗಳನ್ನು ದೊಡ್ಡವರೇ ಎತ್ತಿದರು. ಗೆರೆ ಹಾಕುವುದು, ಸಣ್ಣ ಕಲ್ಲು ಜೋಡಿಸುವುದು, ಬದುವಿನ ಮೇಲೆ ಲಾವಂಚದ ಬುಡ ನೆಡುವುದು ಮಕ್ಕಳ ಪಾಲು.

ಶಾಸನಗಳನ್ನು ಬಲ್ಲವರಿಗೆ ಪೋರುಮಾಮಿಳ್ಳದ ಹೆಸರು ಹೊಸದಲ್ಲ. ಆಂಧ್ರದ ಕಡಪಾ ಸೀಮೆಯ ಆ ಊರೂ ಪಿನಾಕಿನಿಯ ಜಲಾನಯನಕ್ಕೇ ಸೇರಿದ್ದು. ಆ ಲೆಕ್ಕದಲ್ಲಿ ನಮಗೆ ನೀರಿನ ನೆಂಟಸ್ತಿಕೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಭವದೂರನು 1369ರಲ್ಲಿ ಅಲ್ಲಿ ಹಾಕಿಸಿದ ಸಂಸ್ಕೃತ ಶಾಸನ, ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಸಾವಿರ ಆಳು, ನೂರು ಬಂಡಿ ಎರಡು ವರ್ಷ ದುಡಿದವಂತೆ. ದೋಷಗಳು ಇವು: ಏರಿ ಸೋರುವುದು, ನೆಲ ಚೌಳಾಗಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೆಲ ಹೆಚ್ಚಿ ನೀರು ಕಡಿಮೆಯಾಗುವುದು, ನೀರು ಹೆಚ್ಚಿ ನೆಲ ಕಡಿಮೆಯಾಗುವುದು, ಮತ್ತು ಎರಡು ರಾಜ್ಯಗಳ ಗಡಿಯಲ್ಲಿರುವುದು. ಕೊನೆಯದನ್ನು ಕೇಳಿ ಮಕ್ಕಳು ನಕ್ಕರು. "ನಮ್ಮ ಕಾಲುವೆಯೂ ಹಾಗೇ ಅಲ್ವಾ ಸಾರ್? ಗುಡ್ಡ ಆಚೆ ಪಂಚಾಯಿತಿದು, ಕೆರೆ ಈಚೆ ಪಂಚಾಯಿತಿದು" ಎಂದಳು ಒಬ್ಬ ಹುಡುಗಿ. ಅದುವರೆಗೆ ನನಗೂ ಹೊಳೆಯದ ವ್ಯಾಖ್ಯಾನ ಅದು. ಎರಡೂ ಪಂಚಾಯಿತಿಗಳಿಗೆ ಒಂದೇ ಅರ್ಜಿ ಬರೆದು ಒಂದೇ ದಿನ ಕೊಟ್ಟುಬಂದೆವು.

ಇನ್ನು ಆ ಕಡಲೆಕಾಯಿ ಹೊಲದ ಮಾತು. ಗ್ರಾಮನಕಾಶೆಯಲ್ಲಿ ಕಾಲುವೆ ಖರಾಬೆಂದು ಸ್ಪಷ್ಟವಾಗಿತ್ತು. ಆದರೆ ಆ ಹೊಲ ನಮ್ಮ ತಂಡದ್ದೇ ಒಬ್ಬ ಹುಡುಗಿಯ ಅಜ್ಜನದು. ನಕಾಶೆ ನೋಡಿದ ದಿನದಿಂದ ಅವಳು ಶನಿವಾರ ಬರುವುದನ್ನು ಬಿಟ್ಟಳು. ದೂರು ಕೊಡೋಣವೆಂದು ದೊಡ್ಡ ಹುಡುಗರು ಹುರುಪಿನಲ್ಲಿದ್ದರು. ಕೊಟ್ಟಿದ್ದರೆ ಕಾಲುವೆ ಬಂದೀತು, ಹುಡುಗಿ ಶಾಲೆಗೇ ದೂರವಾದಾಳು. ನಾನೂ ನೀರಗಂಟಿ ತಾತನೂ ಒಂದು ಸಂಜೆ ಅವರ ಜಗುಲಿಗೆ ಹೋದೆವು.

"ಮೇಷ್ಟ್ರೇ, ನಾನೇನೂ ಕಳ್ಳ ಅಲ್ಲ" ಎಂದೇ ಆ ಯಜಮಾನರು ಮಾತು ತೆಗೆದರು. "ಕಾಲುವೆ ಇದ್ದಾಗ ಎರಡು ಸಲ ದಂಡೆ ಒಡೆದು ಬೆಳೆ ಕೊಚ್ಚಿಕೊಂಡು ಹೋಯ್ತು. ಅವತ್ತು ಯಾರೂ ಬಂದು ಕೇಳಲಿಲ್ಲ. ಕೊನೆಗೆ ಉತ್ತುಬಿಟ್ಟೆ."

"ದಂಡೆಗೆ ಕಲ್ಲು ಕಟ್ಟಿದ್ರೆ ಒಡೀತಿರಲಿಲ್ಲ ಕಣಪ್ಪ. ಅದು ನಾನಿದ್ದಾಗಿನ ಮಾತು, ನಂಗೊತ್ತು" ಎಂದ ತಾತ.

ನ್ಯಾಯ ಒಂದೇ ಕಡೆ ಇರಲಿಲ್ಲ, ನೋಡಿ. ನೀರಗಂಟಿಗೆ ಊರು ಕಾಳು ಅಳೆದು ಕೊಡುವುದು ನಿಂತ ಮೇಲೆ ಕಾಲುವೆಯ ದಂಡೆ ಯಾರದೂ ಆಗಿರಲಿಲ್ಲ. ಕೆರೆಯ ಹೂಳೆತ್ತುವ ಬಂಡಿಗೆಂದೇ ಹೊಲ ಬಿಟ್ಟ ಶಾಸನಗಳು ನಮ್ಮ ನಾಡಿನಲ್ಲಿವೆ. ಕಟ್ಟಿಸಿದವನಿಗೆ ಪುಣ್ಯ ಎಷ್ಟೋ, ಕಾಯುವವನಿಗೆ ಅನ್ನವೂ ಅಷ್ಟೇ ಅಗತ್ಯವೆಂದು ಹಿಂದಿನವರು ಅರಿತಿದ್ದರು. ನಾಲ್ಕು ಸಲ ಕೂತು ಮಾತಾಡಿದ ಮೇಲೆ ಯಜಮಾನರು ಆರು ಅಡಿ ಅಗಲ ಬಿಡಲು ಒಪ್ಪಿದರು. ನಕಾಶೆಯಲ್ಲಿದ್ದುದು ಅದರ ಇಮ್ಮಡಿ. ಹೊಲದ ಕಡೆಯ ದಂಡೆಗೆ ಕಲ್ಲು ಕಟ್ಟಿಸಬೇಕೆಂಬುದು ಅವರ ಕರಾರು. 2023ರ ಬೇಸಗೆಯಲ್ಲಿ ಉದ್ಯೋಗ ಖಾತರಿಯ ಕೆಲಸವಾಗಿ ಪಂಚಾಯಿತಿ ಕಾಲುವೆ ತೋಡಿಸಿ ಕಲ್ಲೂ ಕಟ್ಟಿಸಿತು. ಅರ್ಧಕ್ಕೆ ಒಪ್ಪಿದಿರಲ್ಲ ಎಂದು ಆಕ್ಷೇಪಿಸಿದವರು ಉಂಟು. ಜಗಳವಾಡಿ ಗೆದ್ದ ಹನ್ನೆರಡು ಅಡಿಗಿಂತ ಒಪ್ಪಿ ಬಿಟ್ಟ ಆರು ಅಡಿ ಮುಂದಿನ ವರ್ಷವೂ ಉಳಿದೀತೆಂಬುದು ನನ್ನ ಎಣಿಕೆ. ಹುಡುಗಿ ಮರುವಾರವೇ ಬಂದಳು. ಅಳತೆಯ ಟೇಪು ಹಿಡಿಯುವ ಕೆಲಸವನ್ನು ತಾನೇ ಕೇಳಿ ಪಡೆದಳು.

ಅಷ್ಟೆಲ್ಲ ಆದಮೇಲೆ ಮಳೆ ಕೈಕೊಟ್ಟಿತು. 2023 ಬರದ ವರ್ಷ. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಕಾಲುವೆಯಲ್ಲಿ ಧೂಳು ಹರಿಯಿತು. ತಂಡ ಇಪ್ಪತ್ತೆರಡರಿಂದ ಒಂಬತ್ತಕ್ಕೆ ಇಳಿಯಿತು. ಲಾವಂಚವನ್ನು ಬದುಕಿಸಲು ಬಿಂದಿಗೆಯಲ್ಲಿ ನೀರು ಹೊತ್ತ ಆ ಒಂಬತ್ತು ಮಂದಿಯ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

2024ರಲ್ಲಿ ಮಳೆ ಬಂತು. ಪ್ರತಿ ಮಳೆಗೂ ಮಕ್ಕಳು ಎರಡು ಗಾಜಿನ ಬಾಟಲಿಗಳಲ್ಲಿ ನೀರು ಹಿಡಿದರು. ಒಂದು ತಡೆ ಕಟ್ಟಿದ ಕೊರಕಲಿನದು, ಇನ್ನೊಂದು ಕಟ್ಟದೆ ಬಿಟ್ಟ ಕೊರಕಲಿನದು. ಎರಡು ದಿನ ಅಲುಗಿಸದೆ ಇಟ್ಟು, ತಳದಲ್ಲಿ ಕೂತ ಮಣ್ಣನ್ನು ಅಡಿಪಟ್ಟಿಯಿಂದ ಅಳೆದು ಗೋಡೆಯ ಹಾಳೆಯಲ್ಲಿ ಬರೆದರು. ಕಟ್ಟಿದ ಕಡೆಯ ಗೆರೆ ಪ್ರತಿ ಸಲವೂ ಗಿಡ್ಡ. ತಂದೆತಾಯಂದಿರು ಶಾಲೆಗೆ ಬಂದಾಗ ಮಕ್ಕಳು ಅಂಕಪಟ್ಟಿಗೂ ಮೊದಲು ಆ ಬಾಟಲಿಗಳನ್ನು ತೋರಿಸುತ್ತಿದ್ದರು. ಕೆರೆ ಕೋಡಿ ಬೀಳಲಿಲ್ಲ. ತೂಬಿನ ಮೂರನೆಯ ಮೆಟ್ಟಿಲ ತನಕ ನೀರು ನಿಂತಿತು. ಏರಿಯ ಕೆಳಗಿನ ಎರಡು ತೆರೆದ ಬಾವಿಗಳಲ್ಲಿ ಸಂಕ್ರಾಂತಿಯವರೆಗೂ ಕೊಡ ಮುಳುಗುತ್ತಿತ್ತು.

ಮೊದಲ ತಂಡದ ಮಕ್ಕಳು ಈಗ ನಮ್ಮ ಶಾಲೆಯನ್ನು ದಾಟಿಹೋಗಿದ್ದಾರೆ. ಹೊಸ ತಂಡಕ್ಕೆ ರಸ್ತೆಯ ಮೋರಿಯ ಕೆಲಸ ಉಳಿದಿದೆ. ಮಕ್ಕಳು ಪ್ಲಾಸ್ಟಿಕ್ ತೆಗೆದರೂ ಮೋರಿಯ ಕೊಳವೆಯೇ ಕಾಲುವೆಗಿಂತ ಕಿರಿದು. ಅದನ್ನು ಅಗಲಿಸುವುದು ರಸ್ತೆ ಇಲಾಖೆಯವರ ಕೈಯಲ್ಲಿದೆ. ಎರಡು ಅರ್ಜಿ ಹೋಗಿವೆ. ಮೂರನೆಯದನ್ನು ಮಕ್ಕಳೇ ಬರೆದಿದ್ದಾರೆ, ಕೊಳವೆಯ ಅಗಲವನ್ನೂ ಕಾಲುವೆಯ ಅಗಲವನ್ನೂ ಪಕ್ಕಪಕ್ಕದಲ್ಲಿ ಅಳೆದು ಚಿತ್ರ ಸಮೇತ. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ತಿದ್ದಿಸಿ ಸೋಮವಾರದ ಟಪಾಲಿಗೆ ಹಾಕಿಸಿದ್ದೇನೆ.