ನೆಲದ ಅಳತೆ, ನೆಲದ ಹೆಸರು

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಕಿಟಕಿಯಿಂದ ಹೊರಗೆ ನೋಡಿದರೆ ಕಾಣುವುದು ಕಬ್ಬು, ಮತ್ತೆ ಕಬ್ಬು, ನಡುನಡುವೆ ಗೋವಿನಜೋಳ. ಮುಧೋಳ ದಾಟಿ ಲೋಕಾಪುರದ ಕಡೆಗೆ ಹೊರಳಿದರೆ ಸುಣ್ಣದ ಕಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆ. ಬೀಳಗಿಯ ದಾರಿ ಹಿಡಿದರೆ ಕುರುಚಲು ಗಿಡಗಳ ಗುಡ್ಡ, ಅದರಾಚೆ ಆಲಮಟ್ಟಿಯ ಹಿನ್ನೀರು. ರಬಕವಿ-ಬನಹಟ್ಟಿಗೆ ಬಂದರೆ ಓಣಿ ಓಣಿಯಲ್ಲಿ ಮಗ್ಗದ ಸಪ್ಪಳ. ನಾಲ್ಕು ತಾಲೂಕುಗಳನ್ನು ಒಂದು ದಿನದಲ್ಲಿ ಸುತ್ತಿ ಬರಬಹುದು. ಆದರೆ ‘ಇಲ್ಲಿಯ ನೆಲ ಯಾವ ಯಾವ ಕೆಲಸಕ್ಕೆ ಎಷ್ಟೆಷ್ಟು ಬಳಕೆಯಾಗುತ್ತಿದೆ?’ ಎಂದು ಯಾರಾದರೂ ಕೇಳಿದರೆ ಅದಕ್ಕೆ ಉತ್ತರ ಕೊಡುವುದು ಒಂದು ದಿನದ ಕೆಲಸವಲ್ಲ.

ಈ ಪ್ರಶ್ನೆಯಲ್ಲಿ ಎರಡು ಕೆಲಸಗಳಿವೆ. ಒಂದು, ನೆಲವನ್ನು ಅಳೆಯುವುದು. ಇನ್ನೊಂದು, ಅಳೆದ ನೆಲಕ್ಕೆ ಒಂದು ಹೆಸರು ಕೊಡುವುದು: ಇದು ಬಾಗಾಯತ, ಇದು ಜಿರಾಯತ, ಇದು ಗಾಯರಾಣ, ಇದು ಬಂಜರು ಎಂದು. ಅಳೆಯುವುದೇ ಕಷ್ಟ, ಹೆಸರಿಡುವುದೇನು ದೊಡ್ಡದು ಎಂದು ನಮಗೆ ತೋರುತ್ತದೆ. ನಿಜಸ್ಥಿತಿ ಇದಕ್ಕೆ ತಿರುಗುಮುರುಗು. ಅಳತೆ ತಪ್ಪಿದರೆ ಮತ್ತೊಮ್ಮೆ ಅಳೆಯಬಹುದು. ಹೆಸರು ತಪ್ಪಿದರೆ ಅದರ ಫಲವನ್ನು ಆ ನೆಲವನ್ನು ನಂಬಿದವರು ಉಣ್ಣಬೇಕಾಗುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ನಾಲ್ಕು ತಾಲೂಕುಗಳು ಒಂದೇ ಹೊಳೆಸಾಲಿನವು. ಆದರೆ ಇವುಗಳ ದಫ್ತರಗಳು ಮಾತ್ರ ಒಂದಾಗಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ, ಅದಕ್ಕೆ ಅಂಟಿಕೊಂಡಿರುವ ಬನಹಟ್ಟಿ ಜಮಖಂಡಿಗೆ ಸೇರಿತ್ತು. ಬೀಳಗಿಯದು ಬ್ರಿಟಿಷರ ಆಡಳಿತ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಬಿಜಾಪುರ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಹುಟ್ಟಿತು. ರಬಕವಿ-ಬನಹಟ್ಟಿ ತಾಲೂಕಾದದ್ದಂತೂ ತೀರ ಈಚೆಗೆ. ನೆಲ ಇದ್ದಲ್ಲೇ ಇದ್ದಿತು. ಅದರ ಲೆಕ್ಕದ ಪುಸ್ತಕಗಳು ಮಾತ್ರ ಕಚೇರಿಯಿಂದ ಕಚೇರಿಗೆ ನಡೆದವು.

ಆ ಪುಸ್ತಕಗಳ ಭಾಷೆಯನ್ನು ಕಟ್ಟಿಕೊಟ್ಟದ್ದು ಮುಂಬಯಿ ಪ್ರಾಂತದ ಮೋಜಣಿ. 1835-36ರ ಸುಮಾರಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರದಲ್ಲಿ ಒಂದು ಹೊಸ ಪದ್ಧತಿಯನ್ನು ಆರಂಭಿಸಿದರು. ಮುಂದಿನ ದಶಕದಲ್ಲಿ ಅದು ನಮ್ಮ ಭಾಗಕ್ಕೂ ಬಂದಿತು. 1847ರಲ್ಲಿ ಅದರ ನಿಯಮಗಳು ಒಂದು ವರದಿಯ ರೂಪದಲ್ಲಿ ನಿಶ್ಚಿತವಾದವು. ಅದಕ್ಕೂ ಮುಂಚೆ ನಮ್ಮವರು ನೆಲವನ್ನು ಕೂರಿಗೆಯಿಂದ ಲೆಕ್ಕ ಹಾಕುತ್ತಿದ್ದರು. ಒಂದು ಕೂರಿಗೆ ಹೂಡಿ ಒಂದು ದಿನದಲ್ಲಿ ಬಿತ್ತುವಷ್ಟು ಹೊಲ ಒಂದು ಕೂರಿಗೆ ಹೊಲ. ಎತ್ತು ಚುರುಕಾಗಿದ್ದರೆ ನೆಲ ಹೆಚ್ಚು, ಮಂದವಾಗಿದ್ದರೆ ಕಡಿಮೆ! ಮೋಜಣಿಯವರು 33 ಅಡಿಯ ಸರಪಳಿಯನ್ನು ತಂದರು. ಆ ಸರಪಳಿಯಿಂದ ಉದ್ದ ಒಂದು, ಅಗಲ ಒಂದು ಅಳೆದರೆ ಅದು ಒಂದು ಗುಂಟೆ; ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆಯನ್ನು ಹದಿನಾರು ಆಣೆಗಳಾಗಿ ಒಡೆದರು. ನಾಣ್ಯದ ಆಣೆ ಎಂದೋ ಹೋಯಿತು. ನೆಲದ ಆಣೆ ಕಾಗದಪತ್ರಗಳಲ್ಲಿ ಈಗಲೂ ಉಳಿದಿದೆ.

ಇದು ಅಳತೆಯ ಮಾತಾಯಿತು. ಹೆಸರಿನ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಪ್ರತವಾರಿ ಮಾಡುವ ನೌಕರ ಹೊಲವನ್ನು ಭಾಗಗಳಾಗಿ ಮಾಡಿ, ಒಂದೊಂದರಲ್ಲಿಯೂ ಅಗೆದು, ಮಣ್ಣಿನ ಆಳವನ್ನು ಮೊಳದ ಲೆಕ್ಕದಲ್ಲಿ ನೋಡುತ್ತಿದ್ದ. ಒಂದೂ ಮುಕ್ಕಾಲು ಮೊಳ ಆಳದ ನಯವಾದ ಕರೀ ಎರೆ ಮಣ್ಣಾದರೆ ಅದು ಮೊದಲನೆಯ ವರ್ಗ, ಹದಿನಾರು ಆಣೆಯ ನೆಲ. ಅದೇ ಮಣ್ಣು ಒಂದೇ ಮೊಳ ಆಳವಿದ್ದರೆ ಹತ್ತು ಆಣೆ. ಅದರಲ್ಲಿ ಸುಣ್ಣದ ಹರಳು ಬೆರೆತಿದ್ದರೆ ಒಂದು ವರ್ಗ ಕೆಳಗೆ, ಎಂಟಾಣೆಗೆ ಇಳಿಯಿತು. ಹೊಲ ಇಳಿಜಾರಾಗಿದ್ದರೆ ಒಂದು ದೋಷ. ಮರಳು ಬೆರೆತರೆ ಒಂದು ದೋಷ. ನೀರು ಇಂಗದಿದ್ದರೆ, ಒರತೆಯಿಂದ ತೇವ ಹೆಚ್ಚಾದರೆ, ಹರಿವ ನೀರು ಮೇಲೆ ನುಗ್ಗುವಂತಿದ್ದರೆ ಒಂದೊಂದು ದೋಷ. ಹೀಗೆ ಒಂಬತ್ತು ವರ್ಗಗಳು; ಕೊನೆಯದು ಎರಡಾಣೆಯ ನೆಲ. ಈ ವ್ಯವಸ್ಥೆಯ ಉದ್ದೇಶ ಕಂದಾಯ ಕಟ್ಟುವುದಾಗಿತ್ತೇ ಹೊರತು ರೈತನ ಉಪಕಾರವಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು. ಹೆಸರಿಡುವವನು ಹೊಲದಲ್ಲಿ ನಿಂತು, ಬಗ್ಗಿ, ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ ಹೆಸರಿಡುತ್ತಿದ್ದ.

ಸ್ವಾತಂತ್ರ್ಯ ಬಂದ ಮೇಲೆ ನೆಲದ ಲೆಕ್ಕ ಕಂದಾಯಕ್ಕಷ್ಟೇ ಸಾಲದಾಯಿತು. ದೇಶದ ಅನ್ನದ ಲೆಕ್ಕ ಬೇಕಾಯಿತು. 1949-50ರ ಸುಮಾರಿಗೆ ಇಡೀ ಭಾರತಕ್ಕೆ ಒಂಬತ್ತು ಬಗೆಯ ಒಂದು ವರ್ಗೀಕರಣ ಬಂದಿತು: ಅರಣ್ಯ; ಊರು, ರಸ್ತೆ, ಕಾಲುವೆ ಮೊದಲಾದ ವ್ಯವಸಾಯೇತರ ನೆಲ; ಸಾಗುವಳಿಗೆ ಬಾರದ ಬಂಜರು; ಕಾಯಂ ಹುಲ್ಲುಗಾವಲು; ತೋಪುಗಳು; ಸಾಗುವಳಿಗೆ ಬರಬಹುದಾದ ಪಾಳು; ಹಳೆಯ ಬೀಳು; ಈ ವರ್ಷದ ಬೀಳು; ಕೊನೆಯದಾಗಿ, ನಿಜವಾಗಿ ಬಿತ್ತನೆಯಾದ ನೆಲ. ಒಂದೇ ಹೊಲದಲ್ಲಿ ಮುಂಗಾರಿ, ಹಿಂಗಾರಿ ಎರಡೂ ಬೆಳೆ ತೆಗೆದರೂ ಈ ಕೊನೆಯ ಪಟ್ಟಿಯಲ್ಲಿ ಅದು ಒಂದೇ ಸಲ ಬರುತ್ತದೆ. ತಲಾಟಿಗಳ ಕಾಲದಿಂದ ಇಂದಿನವರೆಗೆ ನಮ್ಮ ಊರೂರಿನ ಲೆಕ್ಕ ಸೇರಿಕೊಂಡು ದಿಲ್ಲಿಯವರೆಗೆ ಹೋಗುವುದು ಈ ಒಂಬತ್ತು ಮನೆಗಳಲ್ಲೇ.

ಈಗ ಆಕಾಶದ ಮಾತಿಗೆ ಬರೋಣ. 1988ರಲ್ಲಿ ನಮ್ಮ ದೇಶದ ದೂರಸಂವೇದಿ ಉಪಗ್ರಹಗಳ ಸಾಲಿನ ಮೊದಲನೆಯದು ಹಾರಿತು. ಮುಂದೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ, 2005-06ರ ಚಿತ್ರಗಳಿಂದ ಇಡೀ ದೇಶದ ನೆಲಬಳಕೆಯ ನಕಾಶೆಯನ್ನು ಸಿದ್ಧಪಡಿಸಿತು. ಉಪಗ್ರಹ ಸಾಮಾನ್ಯ ಫೋಟೋ ತೆಗೆಯುವುದಿಲ್ಲ. ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಮಾಡಿ, ಒಂದೊಂದು ಚೌಕದಿಂದ ಎಷ್ಟು ಬೆಳಕು ಮರಳಿ ಬಂತು ಎಂಬುದನ್ನು ಅಂಕಿಯಲ್ಲಿ ಬರೆದುಕೊಳ್ಳುತ್ತದೆ. ಹಸಿರು ಎಲೆ ಕೆಂಪು ಬೆಳಕನ್ನು ನುಂಗಿ, ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಬಹಳವಾಗಿ ಹಿಂದಕ್ಕೆ ಎಸೆಯುತ್ತದೆ. ನೀರು ಅದನ್ನು ನುಂಗಿಬಿಡುತ್ತದೆ. ಈ ಭೇದದಿಂದಲೇ ಬೆಳೆ ಯಾವುದು, ನೀರು ಯಾವುದು, ಬರಿ ಮಣ್ಣು ಯಾವುದು ಎಂದು ಗುರುತಿಸುವುದು.

ಆ ನಕಾಶೆಗೆ ಬಳಸಿದ ಚಿತ್ರದಲ್ಲಿ ಒಂದು ಚೌಕದ ಬದಿ ಸುಮಾರು 23.5 ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಐದೂವರೆ ಗುಂಟೆ. ಐದೂವರೆ ಗುಂಟೆಯಲ್ಲಿ ಒಂದು ಬದು, ಒಂದು ಬೇವಿನ ಮರ, ಅರ್ಧ ಕಬ್ಬು, ಅರ್ಧ ಕಣ ಇದ್ದರೆ ಉಪಗ್ರಹಕ್ಕೆ ಅದೆಲ್ಲ ಕಲಸಿದ ಒಂದೇ ಬಣ್ಣ. 2015ರಿಂದೀಚೆಗೆ ಯುರೋಪಿನವರು ಹಾರಿಸಿದ ಉಪಗ್ರಹಗಳ ಚೌಕ ಹತ್ತು ಮೀಟರಿನದು. ಅಂದರೆ ನೂರು ಚದರ ಮೀಟರು. ಒಂದು ಗುಂಟೆ ಎಂದರೆ ನೂರಾ ಒಂದು ಚದರ ಮೀಟರಿಗಿಂತ ತುಸು ಹೆಚ್ಚು. ಮೋಜಣಿಯವರು ಸರಪಳಿ ಎಳೆದು ಗುರುತಿಸಿದ ಗುಂಟೆಯೂ ಆಕಾಶದಿಂದ ಕಾಣುವ ಚೌಕವೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದು ನಿಂತದ್ದು ಸೋಜಿಗವಲ್ಲವೆ?

ಇಷ್ಟಾದರೂ ಹೆಸರಿನ ತೊಡಕು ಮುಗಿಯಲಿಲ್ಲ. ನಮ್ಮ ನಾಲ್ಕು ತಾಲೂಕುಗಳಿಂದಲೇ ನಾಲ್ಕು ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯದು ಋತುವಿನದು. ಏಪ್ರಿಲ್ ತಿಂಗಳಲ್ಲಿ ನಮ್ಮ ಎರೆ ಹೊಲ ಬಿರುಕು ಬಿಟ್ಟು ಬರಿದಾಗಿ ಮಲಗಿರುತ್ತದೆ. ಆಗಿನ ಒಂದೇ ಚಿತ್ರವನ್ನು ನೋಡಿದವರು ಅದನ್ನು ಬೀಳು ಎಂದುಕೊಂಡಾರು. ಡಿಸೆಂಬರಿನಲ್ಲಿ ಬಂದು ನೋಡಿದರೆ ಅಲ್ಲಿ ಎದೆಯೆತ್ತರದ ಬಿಳಿಜೋಳ! ಕಬ್ಬಾದರೋ ವರ್ಷವಿಡೀ ಹಸಿರು. ಆದ್ದರಿಂದಲೇ ಮುಂಗಾರಿ, ಹಿಂಗಾರಿ, ಬೇಸಗೆ ಮೂರೂ ಕಾಲದ ಚಿತ್ರಗಳನ್ನು ಕೂಡಿಸಿ ನೋಡಬೇಕಾಗುತ್ತದೆ. ಆಲಮಟ್ಟಿಯ ಹಿನ್ನೀರಿನ ಅಂಚಂತೂ ನವೆಂಬರಿನಲ್ಲಿ ನೀರು, ಮೇ ತಿಂಗಳಲ್ಲಿ ಮಣ್ಣು. ಎರಡೂ ನಿಜ.

ಎರಡನೆಯದು ಸೂರಿನದು. ಬನಹಟ್ಟಿಯ ಒಂದು ಮನೆ ಮೇಲಿನಿಂದ ಬರಿಯ ಮಾಳಿಗೆ, ಅಥವಾ ತಗಡು. ಅದರ ಒಳಗೆ ನಾಲ್ಕು ವಿದ್ಯುತ್ ಮಗ್ಗ ನಡೆಯುತ್ತಿದ್ದರೆ ಅದು ವಾಸದ ಮನೆಯೆ, ಕಾರ್ಖಾನೆಯೆ? ನೆಲದ ಮೇಲೆ ಏನಿದೆ ಎಂಬುದು ಒಂದು. ಆ ನೆಲದಲ್ಲಿ ಏನು ನಡೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಉಪಗ್ರಹ ಹೇಳಬಲ್ಲದು. ಎರಡನೆಯದನ್ನು ತಿಳಿಯಲು ಆ ಮನೆಯ ಬಾಗಿಲು ತಟ್ಟಬೇಕು.

ಮೂರನೆಯದು ‘ಬಂಜರು’ ಎಂಬ ಮಾತಿನದು. ಬೀಳಗಿ-ಮುಧೋಳಗಳ ನಡುವಣ ಕುರುಚಲು ಗುಡ್ಡಗಳನ್ನು ನೋಡಿ ‘ಏನೂ ಬಾರದ ನೆಲ’ ಎಂದವರೇ ಬಹಳ ಮಂದಿ. ಆ ಏನೂ ಬಾರದ ನೆಲದಲ್ಲಿ ಚಿಂಕಾರ ಎಂಬ ಅಪರೂಪದ ಚಿಗರಿ ಬದುಕಿಕೊಂಡಿದೆ. 2016ರಲ್ಲಿ ಸುಮಾರು 96 ಚದರ ಕಿಲೋಮೀಟರಿನಷ್ಟು ನೆಲ ಯಡಹಳ್ಳಿ ಚಿಂಕಾರ ವನ್ಯಧಾಮವೆಂದು ಘೋಷಿತವಾಯಿತು. ಚಿಗರಿಗೆ ಬೇಕಾದದ್ದು ದಟ್ಟ ಅಡವಿಯಲ್ಲ, ಅದೇ ಮುಳ್ಳುಕಂಟಿಯ ಬಯಲು. ಕುರಿ ಮೇಯಿಸುವವರಿಗೂ ಮಡ್ಡಿಯ ನೆಲ ಎಂದೂ ಬಂಜರಾಗಿರಲಿಲ್ಲ. ಯಾರ ಕಣ್ಣಿಗೆ ಬಂಜರು ಎಂದು ಕೇಳಿಯೇ ಆ ಹೆಸರನ್ನು ಬರೆಯಬೇಕು.

ನಾಲ್ಕನೆಯದು ನೀರಿನದು. ಹಿಡಕಲ್ ಅಣೆಕಟ್ಟಿನಿಂದ ಘಟಪ್ರಭೆಯ ಎಡದಂಡೆ ಕಾಲುವೆ ಬಂದಿತು. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ಸ್ವತಃ ದುಡಿದು, ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿಕೊಂಡರು. ಸಿದ್ದು ನ್ಯಾಮಗೌಡರು ಮುಂದಾಳಾಗಿದ್ದ ಆ ಸಾಹಸ ನಾಡಿಗೇ ಗೊತ್ತು. ಹೀಗೆ ಜಿರಾಯತವಾಗಿದ್ದ ನೆಲ ಬಾಗಾಯತವಾಯಿತು. ಆದರೆ ಎರೆ ಮಣ್ಣಿಗೆ ಅಳತೆ ಮೀರಿ ನೀರು ಹಾಯಿಸಿದ ಕಡೆ ನೆಲ ಸವಳು-ಜವಳಾಯಿತು. ಕಬ್ಬಿನ ನಡುವೆ ಉಪ್ಪು ಬಿಳಿಚಿಕೊಂಡ ಆ ತುಂಡುಗಳು ಪಹಣಿಯಲ್ಲಿ ಬಾಗಾಯತ. ಹೊಲದಲ್ಲಿ ಮಾತ್ರ ಏನೂ ಏಳುವುದಿಲ್ಲ. ‘ನೀರು ಇಂಗದಿರುವುದು ದೋಷ’ ಎಂದು 1847ರಲ್ಲಿ ಬರೆದದ್ದನ್ನು ನಾವು ಮರೆತದ್ದರ ಬೆಲೆ ಇದು.

ಈ ಹೆಸರುಗಳಿಂದ ಆಗುವ ಹಾನಿಲಾಭ ಎಷ್ಟು ದೊಡ್ಡದೆಂಬುದು ಈಚೆಗೆ ನನಗೆ ಚೆನ್ನಾಗಿ ಮನದಟ್ಟಾಯಿತು. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದೆ. ಅದರಿಂದ ಮುಳುಗುವ ಭೂಮಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ರೂಪಾಯಿ ಎಂದು ರಾಜ್ಯದ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿರ್ಣಯಿಸಿತು. ಒಂದು ಮಾತಿನ ವ್ಯತ್ಯಾಸ, ಎಕರೆಗೆ ಹತ್ತು ಲಕ್ಷ! ಆ ಸುದ್ದಿ ಬಂದ ವಾರ ಬೀಳಗಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಬಳಗದ ಕಾಕಾ ಒಬ್ಬರು ಹಳೆಯ ಪೆಟ್ಟಿಗೆಯಿಂದ ಉತಾರ ತೆಗೆದು ನನ್ನ ಮುಂದೆ ಹಿಡಿದರು.

“ಓದು ತಮ್ಮಾ, ಏನ್ ಬರದಾರ?”

“ಜಿರಾಯತ ಅಂತ ಐತ್ರಿ ಕಾಕಾ. ಬೆಳಿ ಜ್ವಾಳ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಾ ಬಾವಿ ತೋಡಿಸಿ ಕಬ್ಬ ಹಚ್ಚಾಕ ಹತ್ತಿ ಇಪ್ಪತ್ತ ವರ್ಷಾತು. ಕಾಗದದಾಗ ಇನ್ನಾ ಜ್ವಾಳಾನ ಬೆಳ್ಯಾಕ ಹತ್ತೇತಿ ನೋಡು!”

ನಾವಿಬ್ಬರೂ ನಕ್ಕೆವು. ಆದರೆ ಅದು ನಗುವ ಮಾತಾಗಿರಲಿಲ್ಲ. ತಪ್ಪು ಬರೆದವರದು ಎಷ್ಟೋ, ಇಪ್ಪತ್ತು ವರ್ಷ ಪೆಟ್ಟಿಗೆ ತೆರೆಯದೆ ಇದ್ದ ನಮ್ಮದೂ ಅಷ್ಟೇ ಎಂದು ಕಾಕಾ ಅವರೇ ಒಪ್ಪಿಕೊಂಡರು.

ಪಟ್ಟಣದಲ್ಲಿರುವ ನಮಗೇನು ಎಂದು ಕೇಳುವವರು ಇರಬಹುದು. ನೀವು ಕೊಳ್ಳುವ ನಿವೇಶನ ನಿನ್ನೆಯವರೆಗೆ ಹೊಲವಾಗಿತ್ತು. ಅದು ಕ್ರಮವಾಗಿ ಬಿನ್‌ಶೇತ್ಕಿ ಆಗಿದೆಯೋ ಇಲ್ಲವೋ ಎಂಬುದು ಮತ್ತೆ ಅದೇ ಹೆಸರಿನ ಪ್ರಶ್ನೆ. ಪಟ್ಟಣ ಬೆಳೆಯುವಾಗ ಹದಿನಾರು ಆಣೆಯ ಎರೆ ನೆಲದ ಮೇಲೆ ಬೆಳೆಯಬೇಕೋ, ಎರಡಾಣೆಯ ಮಡ್ಡಿಯ ಮೇಲೋ ಎಂಬುದನ್ನು ಯೋಚಿಸುವುದಕ್ಕೂ ನಕಾಶೆ ಬೇಕು.

ಇಂಗ್ಲೆಂಡಿನಲ್ಲಿ 1930ರ ದಶಕದಲ್ಲಿ ಡಡ್ಲಿ ಸ್ಟ್ಯಾಂಪ್ ಎಂಬ ಭೂಗೋಳದ ಪ್ರಾಧ್ಯಾಪಕರು ಬ್ರಿಟನ್ನಿನ ನೆಲಬಳಕೆಯ ಮೋಜಣಿಯನ್ನು ಕೈಗೊಂಡರು. ಅವರಲ್ಲಿ ಹೆಚ್ಚು ಹಣವಿರಲಿಲ್ಲ, ಹೆಚ್ಚು ನೌಕರರಿರಲಿಲ್ಲ. ಶಾಲೆಯ ಮಕ್ಕಳನ್ನೂ ಮಾಸ್ತರರನ್ನೂ ಕರೆದರು. ಮಕ್ಕಳು ನಕಾಶೆ ಹಿಡಿದು ತಮ್ಮ ತಮ್ಮ ಊರಿನ ಹೊಲ ಹೊಲ ತಿರುಗಿ, ಇದು ಉತ್ತ ನೆಲ, ಇದು ಹುಲ್ಲು, ಇದು ತೋಟ ಎಂದು ಒಂದೊಂದು ಅಕ್ಷರ ಬರೆದರು. ಮುಂದೆ ಯುದ್ಧ ಬಂದು ಆಹಾರಕ್ಕೆ ತಾಪತ್ರಯವಾದಾಗ ಆ ನಕಾಶೆಗಳು ದೇಶಕ್ಕೆ ಒದಗಿದವು.

ಅಂಥ ಕೆಲಸಕ್ಕೆ ನಮ್ಮಲ್ಲಿ ಈಗ ಸಲಕರಣೆಯ ಕೊರತೆಯಿಲ್ಲ. 2000ದ ದಶಕದ ಮೊದಲ ವರ್ಷಗಳಲ್ಲೇ ‘ಭೂಮಿ’ ಯೋಜನೆಯಿಂದ ಪಹಣಿ ಗಣಕಯಂತ್ರಕ್ಕೆ ಬಂದಿತು. ಬೆಳೆ ಸಮೀಕ್ಷೆಯಲ್ಲಿ ರೈತರೇ ಹೊಲದಲ್ಲಿ ನಿಂತು ಮೊಬೈಲಿನಿಂದ ಬೆಳೆಯ ಫೋಟೋ ಸೇರಿಸುವ ಅವಕಾಶವೂ ಇದೆ. ಈ ಸಲ ಸಮೀಕ್ಷೆ ನಡೆಯುವಾಗ ಮನೆಯ ಕಾಲೇಜು ಓದುವ ಮಗನನ್ನೋ ಮಗಳನ್ನೋ ಕರೆದುಕೊಂಡು ಹೊಲಕ್ಕೆ ಹೋಗಿ. ಉತಾರದಲ್ಲಿ ಬರೆದ ಹೆಸರು, ಹೊಲದಲ್ಲಿ ಕಾಣುವ ಬೆಳೆ, ಎರಡನ್ನೂ ಕೂಡಿಸಿ ಓದಿ. ಹೊಂದದಿದ್ದರೆ ಅಂದೇ ಅರ್ಜಿ ಬರೆಯಿರಿ. ನೀರು ಬಂದು ನಿಂತ ಮೇಲೆ ಅಗೆದು ನೋಡಲು ಅಲ್ಲಿ ಮಣ್ಣೂ ಇರುವುದಿಲ್ಲ, ಕೇಳಲು ಸಾಕ್ಷಿಯೂ ಇರುವುದಿಲ್ಲ.